ವಿಂಗ್ ಫಾಯ್ಲಿಂಗ್: ಹಾರ್ನೆಸ್ ಪಕ್ಕೆಲುಬಿಗೆ ಏರುತ್ತಿದೆ, ಉಪಾಯವಿದ್ದರೆ ತಿಳಿಸಿ

ಗೋಕುಲ ರಸ್ತೆ ಲೇತ್ (ಹುಬ್ಬಳ್ಳಿ)
ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಕಾರವಾರದಿಂದ ಮರಳುವಾಗ ಅರಬೈಲ್ ಘಟ್ಟದ ಒಂದೊಂದು ತಿರುವಿನಲ್ಲೂ ಎಡ ಪಕ್ಕೆ ಚುರುಗುಟ್ಟುತ್ತಿತ್ತು. ಯಲ್ಲಾಪುರದಲ್ಲಿ ಚಹಾಕ್ಕೆ ಇಳಿದಾಗ ಅಂಗಿ ಎತ್ತಿ ನೋಡಿಕೊಂಡೆ. ಪಕ್ಕೆಲುಬಿನ ಕೆಳಗೆ ಅಂಗೈ ಅಗಲದ ಕೆಂಪು ಬಾಸುಂಡೆ. ಇಂದು ಲೇತ್ ಮುಂದೆ ಬಗ್ಗಿ ನಿಲ್ಲುವುದೇ ಕಷ್ಟವಾಯಿತು.

ವಿಂಗ್ ಫಾಯ್ಲಿಂಗ್ ಆರಂಭಿಸಿ ಒಂದೂವರೆ ವರ್ಷವಾಯಿತು. ಕೇಳದವರಿಗೆ ಒಂದು ಮಾತು: ಗಾಳಿ ತುಂಬಿದ ರೆಕ್ಕೆಯನ್ನು (ಇದೇ ವಿಂಗ್) ಎರಡೂ ಕೈಯಲ್ಲಿ ಹಿಡಿದು ಬೋರ್ಡಿನ ಮೇಲೆ ನಿಲ್ಲುತ್ತೇವೆ. ಬೋರ್ಡಿನ ಅಡಿಯಲ್ಲಿ ಒಂದು ಕಂಬ, ಅದರ ತುದಿಯಲ್ಲಿ ನೀರಿನೊಳಗೆ ಚಲಿಸುವ, ರೆಕ್ಕೆಯಾಕಾರದ ಫಾಯಿಲ್. ವೇಗ ಬಂದೊಡನೆ ಬೋರ್ಡು ನೀರು ಬಿಟ್ಟು ಮೇಲೇಳುತ್ತದೆ. ಆ ಕ್ಷಣದ ನಿಶ್ಶಬ್ದಕ್ಕಾಗಿಯೇ ನಾನು ಭಾನುವಾರ ಬೆಳಗಿನ ಜಾವ ಹುಬ್ಬಳ್ಳಿ ಬಿಡುತ್ತೇನೆ.

ಮೊದಲ ವರ್ಷ ಬರಿಗೈಯಲ್ಲೇ ಹಿಡಿದೆ. ಇಪ್ಪತ್ತು ನಿಮಿಷಕ್ಕೆ ಮುಂಗೈ ಕಲ್ಲಿನಂತೆ ಬಿಗಿಯುತ್ತಿತ್ತು. ಆದ್ದರಿಂದ ಗೋವಾದಲ್ಲಿ ಒಬ್ಬರಿಂದ ಬಳಸಿದ ಕೈಟ್ ಹಾರ್ನೆಸ್ ಕೊಂಡೆ, ದೊಡ್ಡ ಗಾಳಿಪಟದ ಸೆಳೆತದಲ್ಲಿ ನೀರಿನ ಮೇಲೆ ಸಾಗುವವರು ಕಟ್ಟಿಕೊಳ್ಳುವುದು. ಸೊಂಟಕ್ಕೆ ಕಟ್ಟುವಂಥದ್ದು, ಮುಂದೆ ಉಕ್ಕಿನ ಅಡ್ಡಪಟ್ಟಿ ಮತ್ತು ಕೊಕ್ಕೆ. ವಿಂಗ್‌ನ ಹಿಡಿಕೆಗಳಿಗೆ ಕಟ್ಟಿದ ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿದರೆ ಸೆಳೆತ ಕೈ ಬಿಟ್ಟು ಸೊಂಟಕ್ಕೆ ಬರುತ್ತದೆ. ಕೈ ಹಗುರವಾಯಿತು, ನಿಜ. ಆದರೆ ಅರ್ಧ ತಾಸಿನಲ್ಲಿ ಹಾರ್ನೆಸ್ ಎದೆಗೂಡಿಗೆ ಏರುತ್ತದೆ, ಉಸಿರು ಕಟ್ಟುತ್ತದೆ. ಎಷ್ಟು ಬಿಗಿದರೂ ಅಷ್ಟೇ.

ನನ್ನ ತೂಕ 76 ಕೆ.ಜಿ., ವಿಂಗ್ 5 ಚದರ ಮೀಟರ್, ಬೋರ್ಡ್ 100 ಲೀಟರ್. ಇದನ್ನು ಮಾರಿ ತೊಡೆಗೂ ಪಟ್ಟಿ ಇರುವ ಸೀಟ್ ಹಾರ್ನೆಸ್ ಕೊಳ್ಳಲೇ?

ಸಪ್ತಾಪುರದ ಅಕ್ಕ (ಧಾರವಾಡ)
ಸೋಮವಾರ, ರಾತ್ರಿ 10:05

ಕೊಳ್ಳುವ ಮಾತು ಆಮೇಲೆ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರಿಸಿ. ಕೆಮ್ಮಿದರೆ, ಸೀನಿದರೆ, ಆಳವಾಗಿ ಉಸಿರೆಳೆದರೆ ಚಳುಕು ಬರುತ್ತದೆಯೇ? ಒಂದೇ ಬೆರಳಿನಲ್ಲಿ ತೋರಿಸಬಹುದಾದ ಜಾಗದಲ್ಲಿ ನೋವಿದೆಯೇ, ಅಥವಾ ಪಕ್ಕೆಯ ತುಂಬ ಹರಡಿದೆಯೇ? ಮೂತ್ರದ ಬಣ್ಣ ಬದಲಾಗಿದೆಯೇ? ಕೊಕ್ಕೆ ಸಿಕ್ಕಿಸಿಕೊಂಡೇ ಜೋರಾಗಿ ಬಿದ್ದಿದ್ದೀರಾ?

ನಾನು ಫಿಸಿಯೋಥೆರಪಿಸ್ಟ್. ನಮ್ಮ ಹನ್ನೆರಡು ಜೊತೆ ಪಕ್ಕೆಲುಬುಗಳಲ್ಲಿ ಕೊನೆಯ ಎರಡು ಜೊತೆ ಮುಂದೆ ಯಾವುದಕ್ಕೂ ಕೂಡಿಕೊಂಡಿಲ್ಲ, ತುದಿ ಬಿಡುವಾಗಿದೆ. ಹಾರ್ನೆಸ್ ಮೇಲೇರಿದಾಗ ಒತ್ತುವುದು ಆ ತುದಿಗಳನ್ನೇ. ಜೊತೆಗೆ ಅಡ್ಡಪಟ್ಟಿ ಹೊಟ್ಟೆಯ ಮೇಲ್ಭಾಗಕ್ಕೆ ಬಂದರೆ ವಪೆಗೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಳಿಯಲು ಎಡೆ ಇರುವುದಿಲ್ಲ. ಉಸಿರು ಕಟ್ಟುವುದು ಅದಕ್ಕೆ. ಭಾರ ಹೊರಬೇಕಾದದ್ದು ಸೊಂಟದ ಎಲುಬು. ಕೈಯನ್ನು ನಡುವಿಗೆ ಇಟ್ಟು ನಿಂತಾಗ ಹೆಬ್ಬೆರಳಿಗೆ ಸಿಗುವ ಗಟ್ಟಿ ಅಂಚು ಇದೆಯಲ್ಲ, ಪಟ್ಟಿಯ ಕೆಳ ಅಂಚು ಅಲ್ಲಿ ಕೂರಬೇಕು.

ಹೆಂಗಸರಿಗೆ ಇದು ಹೊಸ ವಿಷಯವಲ್ಲ. ಲಂಗದ ಲಾಡಿಯನ್ನು ದಿನವೂ ಒಂದೇ ಗೆರೆಯ ಮೇಲೆ ಬಿಗಿದು ಕಟ್ಟಿದವರ ನಡುವಿನಲ್ಲಿ ಕಪ್ಪು ಗೆರೆ, ಕೆಲವೊಮ್ಮೆ ಮಾಯದ ಹುಣ್ಣು ನೋಡಿದ್ದೇನೆ. ಅಂಥವರಿಗೆ ಅಗಲ ಪಟ್ಟಿ ಹೊಲಿಸಿಕೊಳ್ಳಲು, ಕಟ್ಟುವ ಜಾಗ ಬದಲಿಸಲು ಹೇಳುತ್ತೇವೆ. ಸಪೂರವಾದದ್ದು ಬಿಗಿಯಾಗಿ ಒಂದೇ ಕಡೆ ತಿಕ್ಕಿದರೆ ಚರ್ಮ ಸೋಲುತ್ತದೆ. ಇನ್ನೊಂದು ಮಾತು: ಸಡಿಲವಾದ ಪಟ್ಟಿ ಯಾವಾಗಲೂ ದೇಹದ ಅತಿ ಕಿರಿದಾದ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಹೆಂಗಸರಲ್ಲಿ ಅದು ಸೊಂಟದ ಮೇಲಿನ ನಡು. ಹೊಟ್ಟೆ ಬಂದ ಗಂಡಸರಲ್ಲಿ ಹೊಟ್ಟೆಯ ಮೇಲಿನ ಪಕ್ಕೆ.

ಗೋಕುಲ ರಸ್ತೆ ಲೇತ್ (ಹುಬ್ಬಳ್ಳಿ)
ಸೋಮವಾರ, ರಾತ್ರಿ 10:40

ಅಕ್ಕ, ಕೆಮ್ಮಿದರೆ ಸ್ವಲ್ಪ ನೋವಿದೆ, ಚಳುಕಿಲ್ಲ. ನೋವು ಹರಡಿದೆ. ಮೂತ್ರ ಸರಿಯಾಗಿದೆ. ಎರಡು ಸಲ ಸಿಕ್ಕಿಸಿಕೊಂಡೇ ಬಿದ್ದೆ, ಆದರೆ ಬೆನ್ನ ಮೇಲೆ. ಹೊಟ್ಟೆ ಬಂದಿದೆ ಎಂಬುದನ್ನೂ ಒಪ್ಪುತ್ತೇನೆ.

ಸಪ್ತಾಪುರದ ಅಕ್ಕ (ಧಾರವಾಡ)
ಸೋಮವಾರ, ರಾತ್ರಿ 10:52

ಸರಿ. ಬಾಸುಂಡೆ ಮಾಯುವವರೆಗೆ ಹಾರ್ನೆಸ್ ಮುಟ್ಟಬೇಡಿ. ಕೆಮ್ಮಿದಾಗಿನ ನೋವು ವಾರದೊಳಗೆ ಇಳಿಯದಿದ್ದರೆ, ಅಥವಾ ಒಂದು ಬಿಂದುವಿಗೆ ಬಂದು ನಿಂತರೆ, ವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ರಕ್ತ ಕಂಡರೆ ಅಂದೇ ತೋರಿಸಿ.

ವಿದ್ಯಾನಗರ (ಹುಬ್ಬಳ್ಳಿ)
ಮಂಗಳವಾರ, ಬೆಳಿಗ್ಗೆ 7:15

ಹಾರ್ನೆಸ್ಸೇ ಬೇಡ ಎಂದು ನನ್ನ ಅಭಿಪ್ರಾಯ. ಈ ಆಟದ ಸೊಗಸೇ ಯಾವುದಕ್ಕೂ ಕಟ್ಟಿಕೊಳ್ಳದೆ ಇರುವುದರಲ್ಲಿದೆ. ಗಾಳಿ ಹೆಚ್ಚಾದರೆ ವಿಂಗ್ ಬಿಟ್ಟುಬಿಡಬಹುದು, ಮಣಿಕಟ್ಟಿಗೆ ಕಟ್ಟಿದ ಲೀಶ್ ಎಂಬ ಹಗ್ಗದಲ್ಲಿ ಅದು ತೇಲುತ್ತಿರುತ್ತದೆ. ಕೊಕ್ಕೆ ಹಾಕಿಕೊಂಡ ಮೇಲೆ ಆ ಸ್ವಾತಂತ್ರ್ಯವಿಲ್ಲ. ಮುಂಗೈ ಬಿಗಿಯುವುದಕ್ಕೆ ಕಾರಣ ಹಿಡಿಕೆಯನ್ನು ಹಿಸುಕುವುದು. ಬೆರಳನ್ನು ಕೊಂಡಿಯಂತೆ ಇಟ್ಟು ತೋಳು ನೀಡಿ ತೂಗಿಕೊಂಡರೆ ತಾಸುಗಟ್ಟಲೆ ಓಡಿಸಬಹುದು. ನಾನು ಓಡಿಸುತ್ತೇನೆ.

ಕಾಳಿ ಅಳಿವೆ (ಹುಬ್ಬಳ್ಳಿಯವನು, ಈಗ ಕಾರವಾರ)
ಮಂಗಳವಾರ, ಮಧ್ಯಾಹ್ನ 1:30

ವಿದ್ಯಾನಗರದ ಸರ್ ಹೇಳಿದ ಹಿಡಿತದ ಮಾತು ನೂರಕ್ಕೆ ನೂರು ಸರಿ. ತಿರುವು ಕಲಿಯುತ್ತಿರುವವರು, ಮೊದಲ ವರ್ಷದವರು ಹಾರ್ನೆಸ್ ಹಾಕಬಾರದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಹಾರ್ನೆಸ್ಸೇ ಬೇಡ ಎಂಬ ಮಾತು ಒಪ್ಪಿಗೆಯಿಲ್ಲ. ದಡದಿಂದ ದೂರ ಹೋದವನಿಗೆ ಗಾಳಿಗೆ ಎದುರಾಗಿ ಮರಳುವಾಗ ತೋಳು ಸೋತರೆ ಆಟದ ಸೊಗಸು ಉಪಯೋಗಕ್ಕೆ ಬರುವುದಿಲ್ಲ. ಭುಜ ನೋಯುವ ನಡುವಯಸ್ಕರು ಈ ಆಟದಲ್ಲಿ ಉಳಿಯುವುದು ಹಾರ್ನೆಸ್‌ನಿಂದಲೇ. ನಾನೂ ಹಾಗೇ ಉಳಿದವನು.

ಗೋಕುಲ ರಸ್ತೆಯ ಅಣ್ಣ, ಎರಡು ವಿಷಯ ಹೇಳಿ. ಪಟ್ಟಿಗಳನ್ನು ಪೂರ್ತಿ ಎಳೆದಾಗ ಎರಡೂ ಬದಿಯ ಮೆತ್ತೆಗಳು ಅಡ್ಡಪಟ್ಟಿಗೆ ಬಂದು ತಾಗುತ್ತವೆಯೇ? ನಿಮ್ಮ ಹಗ್ಗ ಎಷ್ಟು ಇಂಚು?

ಗೋಕುಲ ರಸ್ತೆ ಲೇತ್ (ಹುಬ್ಬಳ್ಳಿ)
ಮಂಗಳವಾರ, ಮಧ್ಯಾಹ್ನ 2:10

ಮೆತ್ತೆಗಳು ತಾಗುತ್ತವೆ, ಇನ್ನು ಎಳೆಯಲು ಜಾಗವಿಲ್ಲ. ಹಗ್ಗ 22 ಇಂಚು, ವಿಂಡ್‌ಸರ್ಫಿಂಗ್‌ನದು. ಹಾರ್ನೆಸ್ ಜೊತೆಗೇ ಬಂದದ್ದು.

ಕಾಳಿ ಅಳಿವೆ (ಹುಬ್ಬಳ್ಳಿಯವನು, ಈಗ ಕಾರವಾರ)
ಮಂಗಳವಾರ, ರಾತ್ರಿ 9:00

ಹಾಗಾದರೆ ರೋಗ ಸಿಕ್ಕಿತು. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಿಮ್ಮ ಹಾರ್ನೆಸ್ ನಿಮಗೆ ದೊಡ್ಡದು. ನೋವಾದರೆ ಬಿಗಿ ಹೆಚ್ಚಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಬಹಳ ಸಲ ಬಿಗಿ ಸಾಲದೆ ನೋವಾಗುತ್ತದೆ. ಮೆತ್ತೆ ಅಡ್ಡಪಟ್ಟಿಗೆ ತಾಗಿದ ಮೇಲೆ ಎಷ್ಟು ಎಳೆದರೂ ದೇಹಕ್ಕೆ ಬಿಗಿಯುವುದಿಲ್ಲ. ಒಣಗಿದ್ದಾಗ ಸರಿಯಾಗಿ ಕೂತದ್ದು ನೀರಿಗೆ ಇಳಿದ ಮೇಲೆ ಇನ್ನಷ್ಟು ಸಡಿಲವಾಗುತ್ತದೆ, ಏಕೆಂದರೆ ಒಳಗಿನ ನಿಯೋಪ್ರೀನ್ (ಒಂದು ಬಗೆಯ ಮೆತ್ತನೆಯ ರಬ್ಬರ್) ಹಿಗ್ಗುತ್ತದೆ. ಸರಿಯಾದ ಅಳತೆಯಲ್ಲಿ ಎರಡೂ ಕಡೆ ಮೂರ್ನಾಲ್ಕು ಬೆರಳಿನಷ್ಟು ಎಳೆಯುವ ಜಾಗ ಉಳಿದಿರಬೇಕು. ನೀರಿನಲ್ಲಿ ಹತ್ತು ನಿಮಿಷ ಕಳೆದು, ಬೋರ್ಡಿನ ಮೇಲೆ ಕುಳಿತು, ಉಸಿರು ಬಿಟ್ಟು ಮತ್ತೊಮ್ಮೆ ಬಿಗಿದುಕೊಳ್ಳಿ. ಈ ಎರಡನೆಯ ಬಿಗಿತವನ್ನು ಯಾರೂ ಮಾಡುವುದಿಲ್ಲ.

ಆದರೆ ದೊಡ್ಡ ದೋಷ ಹಗ್ಗದಲ್ಲಿದೆ. ಕೈಟ್ ಆಕಾಶದಲ್ಲಿ ದೂರದಲ್ಲಿರುತ್ತದೆ. ವಿಂಗ್ ಹಾಗಲ್ಲ, ನಮ್ಮ ಮುಖದ ಎತ್ತರದಲ್ಲಿ, ತೋಳಿನಳತೆಯಲ್ಲಿ ಇರುತ್ತದೆ. ಕೊಕ್ಕೆ ಸೊಂಟದಲ್ಲಿ, ಹಿಡಿಕೆ ಮೇಲೆ. ಹಗ್ಗ ಗಿಡ್ಡವಾದಷ್ಟೂ ವಿಂಗ್ ಎದೆಯ ಹತ್ತಿರ, ತಲೆಯ ಮೇಲಕ್ಕೆ ಬರುತ್ತದೆ, ಸೆಳೆತ ನೇರ ಮೇಲಕ್ಕಾಗುತ್ತದೆ. ಆಗ ಯಾವ ಹಾರ್ನೆಸ್ ತಾನೇ ಕೆಳಗೆ ಉಳಿದೀತು? ಹಗ್ಗ ಉದ್ದವಾದರೆ ತೋಳು ಚಾಚಿಕೊಳ್ಳುತ್ತದೆ, ವಿಂಗ್ ಮುಂದೆ ಹೋಗುತ್ತದೆ, ಸೆಳೆತ ಓರೆಯಾಗುತ್ತದೆ, ಸೊಂಟವನ್ನು ಹಿಂದಕ್ಕೆ ಹಾಕಿ ಅದರ ಮೇಲೆ ಕೂರಬಹುದು. ನಾನು 30 ಇಂಚಿನದು ಬಳಸುತ್ತೇನೆ. ನಿಮ್ಮ ಎತ್ತರ ಗೊತ್ತಿಲ್ಲದ ಕಾರಣ ಅಳತೆಯನ್ನು ಬೇಕಾದಂತೆ ಬದಲಿಸಬಹುದಾದ ಹಗ್ಗದಿಂದ ಆರಂಭಿಸಿ. ಮೊಣಕೈ ಸ್ವಲ್ಪವೇ ಬಾಗಿರುವಾಗ ಹಗ್ಗ ಬಿಗಿಯಾದರೆ ಅದು ನಿಮ್ಮ ಅಳತೆ.

ಇನ್ನು ಹಗ್ಗ ಕಟ್ಟುವ ಜಾಗ. ಇದನ್ನು ದಡದಲ್ಲೇ ನೋಡಬೇಕು. ಹದವಾದ ಗಾಳಿಯಲ್ಲಿ ಮರಳಿನ ಮೇಲೆ ನಿಂತು ಕೊಕ್ಕೆ ಸಿಕ್ಕಿಸಿ, ಎರಡೂ ಕೈಯ ಹಿಡಿತ ಸಡಿಲಿಸಿ. ಹಿಂದಿನ ಕೈಗೆ ಸೆಳೆತ ಹೆಚ್ಚಿದ್ದರೆ ಹಗ್ಗವನ್ನು ಹಿಂದಕ್ಕೆ ಸರಿಸಿ, ಮುಂದಿನ ಕೈಗೆ ಹೆಚ್ಚಿದ್ದರೆ ಮುಂದಕ್ಕೆ. ಎರಡೂ ಕೈ ಬರಿದೇ ಹಿಡಿಕೆಯ ಮೇಲೆ ಕೂತಂತಾದರೆ ಸರಿ. ಇದು ತಪ್ಪಿದ್ದರೆ ನೀವು ತಿಳಿಯದೆಯೇ ಮೈಯನ್ನು ಒಂದು ಕಡೆ ತಿರುಚಿ ನಿಲ್ಲುತ್ತೀರಿ. ಬಾಸುಂಡೆ ಎಡಕ್ಕೆ ಮಾತ್ರ ಬಂದಿದೆ ಎಂದಿರಿ, ನನಗೆ ಅನುಮಾನ ಬಂದದ್ದು ಅಲ್ಲಿಯೇ.

ಸೀಟ್ ಹಾರ್ನೆಸ್ ಮೇಲೇರುವುದಿಲ್ಲ ಎಂಬುದು ನಿಜ. ಆದರೆ ಬೋರ್ಡ್ ಮೇಲೆ ಮಂಡಿಯೂರುವಾಗ, ಕಾಲಿನಿಂದ ಬೋರ್ಡನ್ನು ತುಳಿದು ತುಳಿದು ಎಬ್ಬಿಸುವಾಗ ತೊಡೆಯ ಪಟ್ಟಿ ತಿಕ್ಕುತ್ತದೆ. ಸೊಂಟದ ನೋವು ತೊಡೆಗೆ ವರ್ಗಾವಣೆಯಾದೀತು.

ರಾಣೆಬೆನ್ನೂರು ಹೊಲ (ಹಾವೇರಿ)
ಬುಧವಾರ, ಬೆಳಿಗ್ಗೆ 6:10

ನಾನು ಸಮುದ್ರದಲ್ಲಿ ಆಡಿದವನಲ್ಲ. ಚಿಕ್ಕಪ್ಪನ ಮಗ ಆಡುತ್ತಾನೆ, ಅವನೇ ಈ ಚರ್ಚೆ ತೋರಿಸಿದ. ಓದುತ್ತಾ ಹೋದಂತೆ ನಮ್ಮ ಎತ್ತಿನ ಹೆಗಲು ನೆನಪಾಯಿತು.

ಮನೆಯಲ್ಲಿ ಈಗಲೂ ಒಂದು ಜೋಡಿ ಎತ್ತು ಇದೆ. ಎತ್ತಿಗೆ ಹೆಗಲು ಬಾವು ಬಂದರೆ ವಾರಗಟ್ಟಲೆ ಹೂಡುವಂತಿಲ್ಲ. ಅಪ್ಪ ನೊಗವನ್ನು ಬೈಯುತ್ತಿರಲಿಲ್ಲ. ನೇಗಿಲನ್ನು ನೊಗಕ್ಕೆ ಬಿಗಿಯುವ ಮಿಣಿಯನ್ನು ನೊಗದ ನಟ್ಟನಡುವೆ ಕಟ್ಟಲಾಗಿದೆಯೇ ಎಂದು ಮೊದಲು ನೋಡುತ್ತಿದ್ದರು. ನಾಲ್ಕು ಬೆರಳು ಆಚೀಚೆ ಆದರೂ ಭಾರವೆಲ್ಲ ಒಂದೇ ಎತ್ತಿಗೆ ಬೀಳುತ್ತದೆ, ನೊಗ ಓರೆಯಾಗಿ ಎಳೆಯುತ್ತದೆ, ತಿಕ್ಕುತ್ತದೆ. ಒಂದೇ ಜಾಗದಲ್ಲಿ ಕೂತ ಭಾರವನ್ನು ಎತ್ತು ಹೊರುತ್ತದೆ. ಅಲುಗಾಡುವ ಭಾರ ಹುಣ್ಣು ಮಾಡುತ್ತದೆ. ಕಾರವಾರದ ಅಣ್ಣ ಹಗ್ಗ ಕಟ್ಟುವ ಜಾಗದ ಬಗ್ಗೆ ಬರೆದದ್ದು ಇದನ್ನೇ ಅಲ್ಲವೇ?

ಮಳೆಯಲ್ಲಿ ನೆಂದ ಎತ್ತನ್ನು ಹೂಡಿದರೆ ಬಾವು ಬೇಗ ಬರುತ್ತದೆ, ನೆಂದ ಚರ್ಮ ಮೆತ್ತಗಾಗಿರುತ್ತದೆ. ನೀವು ತಾಸುಗಟ್ಟಲೆ ಉಪ್ಪುನೀರಿನಲ್ಲೇ ಇರುವವರು. ಅಪ್ಪ ದಿನವೂ ಸಂಜೆ ಎತ್ತಿನ ಹೆಗಲ ಮೇಲೆ ಕೈಯಾಡಿಸುತ್ತಿದ್ದರು. ಕೂದಲು ಸವೆದ ಜಾಗ ಕೈಗೆ ಸಿಕ್ಕರೆ ಮರುದಿನ ಎತ್ತಿಗೆ ರಜೆ, ಏಕೆಂದರೆ ಹುಣ್ಣು ಏಳುವುದು ಅಲ್ಲಿಯೇ. ನೀವೂ ನೀರಿನಿಂದ ಬಂದ ಕೂಡಲೇ ಅಂಗಿ ತೆಗೆದು ನೋಡಿಕೊಳ್ಳಿ. ಯಲ್ಲಾಪುರದವರೆಗೆ ಕಾಯಬೇಡಿ.

ಸಪ್ತಾಪುರದ ಅಕ್ಕ (ಧಾರವಾಡ)
ಬುಧವಾರ, ಬೆಳಿಗ್ಗೆ 8:30

ತಮ್ಮಾ, ನಿನ್ನ ಅಪ್ಪ ಹೇಳಿದ್ದನ್ನು ನಾವು ಕಾಲೇಜಿನಲ್ಲಿ ಪುಸ್ತಕ ಇಟ್ಟುಕೊಂಡು ಕಲಿತೆವು. ಒತ್ತಡ, ತಿಕ್ಕಾಟ, ತೇವ ಮೂರೂ ಕೂಡಿದಲ್ಲಿ ಚರ್ಮ ಒಡೆಯುತ್ತದೆ. ಮೈಗೆ ಅಂಟುವ ಲೈಕ್ರಾ ಅಂಗಿಯನ್ನು ಒಳಗೆ ಹಾಕಿ ಅದರ ಮೇಲೆ ಹಾರ್ನೆಸ್ ಕಟ್ಟಿದರೆ ತಿಕ್ಕಾಟ ಬಟ್ಟೆಗೆ ಹೋಗುತ್ತದೆ. ಅಂಗಿಯ ಮಡಿಕೆ, ಪಕ್ಕದ ಹೊಲಿಗೆ, ಚಡ್ಡಿಯ ಗಂಟು ಪಟ್ಟಿಯ ಅಡಿಗೆ ಬರಬಾರದು. ಅಂಚು ತಾಗುವ ಕಡೆ ವ್ಯಾಸಲೀನ್ ಸವರಿ.

ಬೆನ್ನಿನ ಬಗ್ಗೆಯೂ ಹೇಳಬೇಕು. ಸೆಳೆತಕ್ಕೆ ಎದುರಾಗಿ ಎದೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಮುಂದೆ ಬಿಟ್ಟು ನಿಂತರೆ ಕೆಳಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅಡ್ಡಪಟ್ಟಿ ಆಗ ಇನ್ನೂ ಮೇಲೇರುತ್ತದೆ. ಮಂಡಿ ಸ್ವಲ್ಪ ಬಾಗಿಸಿ, ಪೃಷ್ಠದ ಸ್ನಾಯು ಬಿಗಿ ಹಿಡಿದು, ಎತ್ತರದ ಕಟ್ಟೆಯ ಅಂಚಿಗೆ ಆತುಕೊಂಡಂತೆ ನಿಲ್ಲಿ. ಹೊಟ್ಟೆ ತುಂಬ ಉಂಡು ಇಳಿಯಬೇಡಿ.

ಕಪ್ಪತಗುಡ್ಡದ ಗಾಳಿ (ಗದಗ)
ಬುಧವಾರ, ಸಂಜೆ 6:45

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆ ಇರಲಿ. ನಮ್ಮ ಕಡೆ ಗಾಳಿಗೆ ಬರವಿಲ್ಲ, ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರಗಳೇ ಇವೆ. ಹಗ್ಗದ ಅಳತೆ ನೋಡಲು ಘಟ್ಟ ಇಳಿಯುವ ಬದಲು ಮಾಗಡಿ ಕೆರೆಯಲ್ಲಿ ಅಭ್ಯಾಸ ಮಾಡಬಹುದಲ್ಲವೇ?

ಬೆಟಗೇರಿ ಹೊಲಿಗೆ (ಗದಗ)
ಬುಧವಾರ, ಸಂಜೆ 7:20

ದಯವಿಟ್ಟು ಬೇಡ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುವ ಕೆರೆ ಅದು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಅಷ್ಟು ದೊಡ್ಡ ರೆಕ್ಕೆಯ ನೆರಳು ಕಂಡರೆ ಹಿಂಡು ಎದ್ದು ಹೋಗುತ್ತದೆ. ಹಗ್ಗದ ಅಳತೆ ನೋಡಲು ನೀರೇ ಬೇಡ, ಬಯಲು ಸಾಕು ಎಂದು ಕಾರವಾರದವರು ಹೇಳಿದ್ದಾರಲ್ಲ.

ಹೇಗೂ ಬಂದಿದ್ದೇನೆ, ನನ್ನ ಕಸುಬಿನ ಮಾತು ಹೇಳುತ್ತೇನೆ. ನಾನು ವಾಹನಗಳ ಸೀಟು, ಟಾರ್ಪಾಲಿನ್, ಚೀಲ ಹೊಲಿಯುವವನು. ದೊಡ್ಡ ಹಾರ್ನೆಸ್ ಅನ್ನು ಚಿಕ್ಕದು ಮಾಡಿಕೊಡಿ ಎಂದು ಯಾರಾದರೂ ಬಂದರೆ ಭಾರ ಹೊರುವ ಪಟ್ಟಿಯನ್ನು ನಾನು ಕತ್ತರಿಸುವುದಿಲ್ಲ. ಬದಲಿಗೆ ಒಳಗೆ ಮೆತ್ತೆ ಕೂಡಿಸಬಹುದು. ಅದಕ್ಕೆ ಸೋಫಾದ ಸ್ಪಂಜು ಹಾಕಬಾರದು, ನೀರು ಕುಡಿದು ಭಾರವಾಗುತ್ತದೆ. ಯೋಗದ ಚಾಪೆಗೆ ಬಳಸುವಂಥ ಇವಿಎ ಫೋಮ್ ನೀರು ಹೀರುವುದಿಲ್ಲ. ಮೇಲೇರದಂತೆ ತೊಡೆಸಂದಿಯಿಂದ ಒಂದು ಪಟ್ಟಿ ಹಾಯಿಸಬೇಕಾದರೆ ನೈಲಾನ್ ಬದಲು ಪಾಲಿಯೆಸ್ಟರ್ ಪಟ್ಟಿ ಕೇಳಿ, ನೆಂದಾಗ ಹಿಗ್ಗುವುದು ಕಡಿಮೆ. ದಾರವೂ ಪಾಲಿಯೆಸ್ಟರ್ ಇರಲಿ, ಹತ್ತಿಯ ದಾರ ಕೊಳೆಯುತ್ತದೆ. ಭಾರ ಬೀಳುವ ಕಡೆ ಚೌಕ ಹೊಲಿದು ಅದರೊಳಗೆ ಗುಣಿಸುವ ಗುರುತಿನಂತೆ ಅಡ್ಡ ಹೊಲಿಗೆ ಹಾಕಿಸಿ. ಒಂಟಿ ಗೆರೆ ಹೊಲಿಗೆ ನಂಬಬೇಡಿ.

ವಿದ್ಯಾನಗರ (ಹುಬ್ಬಳ್ಳಿ)
ಬುಧವಾರ, ರಾತ್ರಿ 9:10

ಬಿದ್ದಾಗ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನನ್ನ ವಿರೋಧಕ್ಕೆ ಮುಖ್ಯ ಕಾರಣ ಅದು. ವಿಂಗ್ ಮಗುಚಿ ಹಗ್ಗ ಕೊಕ್ಕೆಗೆ ಸುತ್ತಿಕೊಂಡರೆ?

ಕಾಳಿ ಅಳಿವೆ (ಹುಬ್ಬಳ್ಳಿಯವನು, ಈಗ ಕಾರವಾರ)
ಬುಧವಾರ, ರಾತ್ರಿ 9:50

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಮೊದಲೇ ಬರೆಯಬೇಕಿತ್ತು.

ಬಿಚ್ಚುವ ಕ್ರಮ ಇಷ್ಟೇ: ವಿಂಗ್ ಅನ್ನು ಎರಡೂ ಕೈಯಿಂದ ಮೈಯ ಕಡೆಗೆ ಎಳೆದುಕೊಂಡರೆ ಹಗ್ಗ ಸಡಿಲವಾಗಿ ಕೊಕ್ಕೆಯಿಂದ ಬೀಳುತ್ತದೆ. ದಡದಲ್ಲಿ ಕಣ್ಣು ಮುಚ್ಚಿಕೊಂಡು ಐವತ್ತು ಸಲ ಮಾಡಿ. ತಿರುವಿಗೆ ಮೊದಲು, ಗಾಳಿ ಬುಸುಗುಟ್ಟಿ ಬರುವಾಗ, ಬೇರೆಯವರ ಹತ್ತಿರ ಹೋಗುವಾಗ ಬಿಚ್ಚಿಕೊಂಡೇ ಇರಿ. ಗಾಳಿ ವಿಂಗ್‌ಗೆ ಹೆಚ್ಚಾಗಿದ್ದರೆ ಹಾರ್ನೆಸ್ ಅದಕ್ಕೆ ಪರಿಹಾರವಲ್ಲ. ದಡಕ್ಕೆ ಬಂದು ಚಿಕ್ಕ ವಿಂಗ್ ಕಟ್ಟಿ.

ಕೈಟ್‌ನ ಉಕ್ಕಿನ ಅಡ್ಡಪಟ್ಟಿಯ ಇನ್ನೊಂದು ತೊಂದರೆ: ನೀರಿನಿಂದ ಬೋರ್ಡಿನ ಮೇಲೆ ಹೊಟ್ಟೆ ಹಚ್ಚಿ ಏರುವಾಗ ಅದು ಹೊಟ್ಟೆಗೂ ಚುಚ್ಚುತ್ತದೆ, ಬೋರ್ಡಿಗೂ ಗೀರು ಹಾಕುತ್ತದೆ, ಗಾಳಿ ತುಂಬಿದ ವಿಂಗ್ ಮೇಲೆ ಬಿದ್ದರೆ ಅದನ್ನೂ ಹರಿದೀತು. ವಿಂಗ್‌ಗೆಂದೇ ಬರುವ ಬೆಲ್ಟುಗಳಲ್ಲಿ ಕೊಕ್ಕೆ ಚಿಕ್ಕದು, ಪಕ್ಕಕ್ಕೆ ಸರಿಸಿಕೊಂಡು ಬೋರ್ಡ್ ಏರಬಹುದು. ಇಂಪ್ಯಾಕ್ಟ್ ವೆಸ್ಟ್ (ಬಿದ್ದಾಗ ಪೆಟ್ಟು ತಡೆಯುವ ದಪ್ಪ ಒಳಮೆತ್ತೆಯ ಅಂಗಿ) ತೊಡುವವರು ಗಿಡ್ಡ ವೆಸ್ಟ್ ತೊಡಿ. ಉದ್ದನೆಯ ವೆಸ್ಟ್‌ನ ನುಣುಪಾದ ಬಟ್ಟೆಯ ಮೇಲೆ ಕಟ್ಟಿದ ಹಾರ್ನೆಸ್ ಜಾರಿ ಜಾರಿ ಮೇಲೇರುತ್ತದೆ. ಬೋರ್ಡಿನ ಲೀಶ್ ಅನ್ನು ಹಾರ್ನೆಸ್‌ಗೇ ಕಟ್ಟಿದ್ದರೆ ಅದು ಬೆನ್ನಿನ ನಟ್ಟನಡುವೆ ಇರಲಿ. ಪಕ್ಕಕ್ಕೆ ಕಟ್ಟಿದರೆ ಪಟ್ಟಿ ನಿಧಾನವಾಗಿ ಸುತ್ತಿಕೊಳ್ಳುತ್ತದೆ.

ವಿದ್ಯಾನಗರ (ಹುಬ್ಬಳ್ಳಿ)
ಬುಧವಾರ, ರಾತ್ರಿ 10:02

ಐವತ್ತು ಸಲದ ಅಭ್ಯಾಸವನ್ನು ಒಪ್ಪಿದೆ. ನಾನು ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಳ್ಳುವವರನ್ನು ತಡೆಯುವುದೂ ಇಲ್ಲ.

ಗೋಕುಲ ರಸ್ತೆ ಲೇತ್ (ಹುಬ್ಬಳ್ಳಿ)
ಎರಡು ವಾರಗಳ ನಂತರ, ಭಾನುವಾರ, ರಾತ್ರಿ 11:15

ಈಗಷ್ಟೇ ಮನೆ ಸೇರಿದೆ. ಸ್ನಾನಕ್ಕೂ ಮೊದಲು ಬರೆಯುತ್ತಿದ್ದೇನೆ.

ಒಂದು ಭಾನುವಾರ ಮನೆಯಲ್ಲೇ ಉಳಿದೆ. ಬಾಸುಂಡೆ ಹಳದಿಯಾಗಿ ಮಾಸಿತು, ಕೆಮ್ಮಿದರೆ ನೋವಿಲ್ಲ. ಹೊಸದೇನೂ ಕೊಳ್ಳಲಿಲ್ಲ, ಹಗ್ಗವೊಂದನ್ನು ಬಿಟ್ಟು. ಅಳತೆ ಬದಲಿಸಬಹುದಾದ ಹಗ್ಗ ತರಿಸಿ 28 ಇಂಚಿಗೆ ಇಟ್ಟೆ. ಮರಳಿನ ಮೇಲೆ ನಿಂತು ಕೈ ಸಡಿಲಿಸಿದಾಗ ನಿಜ ತಿಳಿಯಿತು: ಹಗ್ಗ ಒಂದು ಗೇಣಿನಷ್ಟು ಮುಂದಕ್ಕಿತ್ತು. ಇಷ್ಟು ದಿನ ಹಿಂದಿನ ಕೈಯ ಸೆಳೆತವನ್ನು ಸೊಂಟ ತಿರುಚಿ ತಡೆದಿದ್ದೇನೆ. ಲೇತ್‌ನಲ್ಲಿ ಕೂದಲೆಳೆಯಷ್ಟು ಓರೆಯನ್ನೂ ಸಹಿಸದ ನನಗೆ ಇದು ಕಾಣಲಿಲ್ಲವಲ್ಲ ಎಂದು ಬಹಳ ಬೇಸರವಾಯಿತು. ಹಗ್ಗ ಹಿಂದಕ್ಕೆ ಸರಿಸಿದ ಮೇಲೆ ವಿಂಗ್ ತಾನಾಗಿ ನಿಂತಿತು.

ಪಟ್ಟಿಯನ್ನು ಎಲುಬಿನ ಅಂಚಿಗೆ ಇಳಿಸಿ ಕಟ್ಟಿದೆ. ಹತ್ತು ನಿಮಿಷಕ್ಕೆ ನೀರಿನಲ್ಲಿ ಮತ್ತೆ ಬಿಗಿದೆ. ಮಧ್ಯಾಹ್ನ ಎರಡರ ಮೇಲೆ ಸಮುದ್ರದ ಗಾಳಿ ಎದ್ದಿತು. ನಡುವೆ ಎರಡು ಸಲ ದಡಕ್ಕೆ ಬಂದು ಅಂಗಿ ಎತ್ತಿ ನೋಡಿಕೊಂಡೆ, ರಾಣೆಬೆನ್ನೂರಿನ ಅಪ್ಪನವರನ್ನು ನೆನೆದೆ. ಒಟ್ಟು ಒಂದು ತಾಸು ಇಪ್ಪತ್ತು ನಿಮಿಷ. ಉಸಿರು ಕಟ್ಟಲಿಲ್ಲ. ಕೊನೆಯ ಸುತ್ತಿನಲ್ಲಿ ಹಾರ್ನೆಸ್ ಮತ್ತೆ ಮೂರು ಬೆರಳು ಮೇಲೇರಿತು, ಅಷ್ಟು ದೊಡ್ಡದು ಏರದೆ ಇರುವುದಿಲ್ಲ. ಜೂನ್ ಬಂದರೆ ಸಮುದ್ರ ಮುಚ್ಚಿದಂತೆಯೇ, ಮುಂದಿನ ಹಂಗಾಮಿಗೆ ಸರಿಯಾದ ಅಳತೆಯದನ್ನು ನೋಡುತ್ತೇನೆ. ಈಗ ಉಳಿದಿರುವ ಮೂರ್ನಾಲ್ಕು ಭಾನುವಾರಗಳಿಗೆ ಬೆಟಗೇರಿಯ ಅಣ್ಣ ಒಳಮೆತ್ತೆ ಹಾಕಿಕೊಡಬಹುದೇ? ಶನಿವಾರ ಗದಗಕ್ಕೆ ಬರುವವನಿದ್ದೇನೆ.

ಸಪ್ತಾಪುರದ ಅಕ್ಕ (ಧಾರವಾಡ)
ಭಾನುವಾರ, ರಾತ್ರಿ 11:30

ಬಹಳ ಸಂತೋಷ. ನಾಳೆ ಬೆಳಿಗ್ಗೆ ಬಲಗಡೆಯನ್ನೂ ನೋಡಿಕೊಳ್ಳಿ, ಭಾರ ಈಗ ಎರಡೂ ಕಡೆ ಹಂಚಿಕೊಂಡಿರುತ್ತದೆ.

ಬೆಟಗೇರಿ ಹೊಲಿಗೆ (ಗದಗ)
ಸೋಮವಾರ, ಬೆಳಿಗ್ಗೆ 7:05

ತನ್ನಿ, ಹಾಕಿಕೊಡುತ್ತೇನೆ. ತರುವ ಮೊದಲು ಎರಡು ಸಲ ಸಿಹಿನೀರಿನಲ್ಲಿ ಅದ್ದಿ ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಳಗೆ ಉಪ್ಪು, ಮರಳು ಉಳಿದಿದ್ದರೆ ಹೊಲಿಗೆ ಯಂತ್ರಕ್ಕೆ ಕೇಡು. ನೀರಿನಲ್ಲಿ ತೊಡುವ ಲೈಕ್ರಾ ಅಂಗಿಯನ್ನೂ ಜೊತೆಗೆ ತನ್ನಿ, ಅದರ ಮೇಲೆಯೇ ಅಳತೆ ತೆಗೆಯಬೇಕು.